ಸೋದರಮಾವನ ಹೆಸರನ್ನು ಮನಸ್ಸಿನಲ್ಲೇ ಇಟ್ಟುಕೊಂಡ ಕರ್ನೆಲ್‌ರವರಿಗೆ

ಮಾನ್ಯರೇ,

ಗಣಕಯಂತ್ರದ ಒಳಮನೆಯಲ್ಲಿ, ತಂತ್ರಾಂಶಕ್ಕೂ ಡಿಸ್ಕಿಗೂ ನಡುವೆ ಕೂತು, ಕಾಣದೆ, ಕೂಗದೆ, ಕೂಲಿಯನ್ನೂ ಕೇಳದೆ ಸಕಲ ಕಾರ್ಯಭಾರ ನಡೆಸುತ್ತಿರುವ ತಮ್ಮ ಸನ್ನಿಧಿಗೆ, ಮಧುಗಿರಿಯಲ್ಲಿ ಮದುವೆ ಪತ್ರಿಕೆ ಟೈಪು ಮಾಡಿ ಜೀವಿಸುವ ಅಂಬರೀಶನ ನಮಸ್ಕಾರಗಳು. ತಾವು ಕ್ಷೇಮವೆಂದು ಬಲ್ಲೆ. ಕರೆಂಟು ಹೋದರೂ ತಮಗೇನೂ ಆಗುವುದಿಲ್ಲ, ಆಗುವುದೆಲ್ಲ ನಮಗೇ.

ವಿಷಯವೇನೆಂದರೆ, ಕಳೆದ ಸೋಮವಾರ ದಾಕ್ಷಾಯಣಮ್ಮನವರು ಮಗಳು ಲೋಹಿತಾಳ ಲಗ್ನಪತ್ರಿಕೆಯನ್ನು ಕೊನೆಯ ಸಲ ನೋಡಲು ಅಂಗಡಿಗೆ ಬಂದಿದ್ದರು. ಸುಖಾಗಮನ ಬಯಸುವವರ ಪಟ್ಟಿಯಲ್ಲಿ ಅರವತ್ತೆರಡು ಹೆಸರು ಹದವಾಗಿ ಕೂತಿದ್ದವು. ಇಲ್ಲದ್ದು ಕೊರಟಗೆರೆಯ ಅಣ್ಣ ಮರುಳಸಿದ್ದಯ್ಯನವರದು ಮಾತ್ರ. ಗೃಹಪ್ರವೇಶದಲ್ಲಿ ಮೊದಲ ಪಂಕ್ತಿಗೆ ಕರೆಯಲಿಲ್ಲವೆಂದು ಹನ್ನೊಂದು ವರ್ಷದಿಂದ ಮಾತು ಬಿಟ್ಟವರು. ಸೋದರಮಾವ ಕೈಹಿಡಿದು ಕರೆತರದೆ ಹೆಣ್ಣು ಮಂಟಪ ಹತ್ತುವಂತಿಲ್ಲ. ಮಾವ ಬಂದರೆ ಮದುವೆ, ಬಾರದಿದ್ದರೆ ಬರೀ ಗೊಡವೆ. ಆಗಲೇ ಫೋನು ಬಂತು. "ಒಪ್ಕಂಡ್ಬುಟ್ಟ ಕಣಪ್ಪ ನಮ್ಮಣ್ಣ! ಬರೀ, ಎಲ್ಲಾರ್ಗಿಂತ ಮೇಲೆ ಬರೀ" ಎಂದು ಆಯಮ್ಮ ಕಣ್ಣೊರೆಸಿಕೊಂಡರು. ಬರೆದೆ, ಸೇವ್ ಒತ್ತಿದೆ, ಉಳಿಸಲಾಗಿದೆ ಎಂದು ಅಪ್ಪಣೆಯಾಯಿತು. ಆಯಮ್ಮ ಮೆಟ್ಟಿಲಿಳಿಯುವಷ್ಟರಲ್ಲಿ ಕರೆಂಟು ಹೋಯಿತು. ಬಿಸಿಲಿನಿಂದ ಕರೆಂಟು ತೆಗೆದು ನಾಡಿಗೆಲ್ಲ ಕಳಿಸುವ ಪಾವಗಡ ಪಕ್ಕದಲ್ಲೇ ಇರುವುದರಿಂದ ಇದು ನಮಗೆ ವಿಶೇಷವಲ್ಲ. ನನ್ನ ಯುಪಿಎಸ್ಸಿನ ಬ್ಯಾಟರಿ ಸತ್ತು ವರ್ಷವಾಯಿತೆಂಬುದನ್ನೂ ಒಪ್ಪಿಕೊಳ್ಳುತ್ತೇನೆ.

ಕರೆಂಟು ಬಂದ ಮೇಲೆ ನೋಡಿದರೆ ಪತ್ರಿಕೆ ಒಂದು ಗೀರೂ ಇಲ್ಲದೆ ತೆರೆಯಿತು. ತಮ್ಮ ಮಾತು ನಂಬಿ, ಮತ್ತೆ ಓದದೆ ಪ್ರೆಸ್ಸಿಗೆ ಕಳಿಸಿದೆ. ಐನೂರು ಅಚ್ಚಾದವು. ಮೊದಲ ಪತ್ರಿಕೆ ತವರಿಗೇ ಹೋಗಬೇಕಲ್ಲ. ಆಯಮ್ಮ ಅರಿಶಿನ ಕುಂಕುಮ ಹಚ್ಚಿ ಅಣ್ಣನ ಕೈಗೆ ಕೊಟ್ಟರು. ಅವರು ಕನ್ನಡಕ ಏರಿಸಿ, ಅರವತ್ತೆರಡನ್ನೂ ಬೆರಳಿಟ್ಟು ಓದಿ, "ಅಡಿಗೆಯವಂದೂ ನಂದೂ ಬಿಟ್ಟು ಎಲ್ಲಾರ್ದೂ ಐತೆ ಕಣಮ್ಮ" ಎಂದು ಪತ್ರಿಕೆ ಹಿಂದಕ್ಕೆ ಕೊಟ್ಟರಂತೆ.

ರಿಪೇರಿಗೆ ಬಂದ ಸಿರಾದ ಮುತ್ತುರಾಜ್ ತಮ್ಮ ಗುಟ್ಟು ಬಿಚ್ಚಿದ. "ಸೇವ್ ಅಂದ್ರೆ ಆಗ್ಲೇ ಡಿಸ್ಕಿಗೆ ಬರೀತದೆ ಅನ್ಕಂಡ್ರಾ ಸಾರ್? ಕರ್ನೆಲ್ಲು ಅದ್ನ ಮೆಮೊರೀಲೇ ಇಟ್ಕಂಡಿರ್ತದೆ. ಅರ್ಧ ನಿಮಿಷನೋ ಏನೋ ಬಿಟ್ಟು ಎಲ್ಲಾ ಒಟ್ಗೆ ಬರೀತದೆ. ಅಲ್ಲೀಗಂಟ ಅದ್ಕೆ ಕೊಳಕು ಪುಟ ಅಂತಾರೆ. ಅಷ್ಟ್ರಲ್ಲಿ ಕರೆಂಟ್ ಹೋದ್ರೆ ಅದು ಹೋಯ್ತು, ಡಿಸ್ಕಲ್ಲಿ ಹಳೇದೇ ಉಳೀತದೆ." ಆಹಾ, ಎಂಥ ವಿವೇಚನೆ! ಡಿಸ್ಕಿಗೆ ಪದೇ ಪದೇ ಆಯಾಸವಾಗಬಾರದೆಂದು ಕೆಲಸ ಗುಡ್ಡೆ ಹಾಕುತ್ತೀರಿ. ಅಣ್ಣನ ಹೆಸರಿರುವ ಹೊಸ ಪುಟ ಕೊಳಕು, ಹೆಸರಿಲ್ಲದ ಹಳೆಯದು ಚೊಕ್ಕ! ಕೂಡಲೇ ಬರೆಯಿರೆಂದು ತಂತ್ರಾಂಶ ಬಾಯಿಬಿಟ್ಟು ಕೇಳಿದರೆ ಬರೆಯುತ್ತೀರಂತೆ. ನನ್ನ ತಂತ್ರಾಂಶಕ್ಕೆ ಅಷ್ಟು ಬಾಯಿಲ್ಲ. ಬರೆಯುವ ಮೊದಲೇ ಬರೆದೆನೆನ್ನುವಿರಿ, ಮರೆತ ಮೇಲೂ ಮರೆತೆನೆನ್ನದಿರುವಿರಿ.

ಆದಕಾರಣ, ಕರೆಂಟು ಹೋಗುವ ಅರ್ಧ ನಿಮಿಷ ಮುಂಚಿತವಾಗಿ ಲೈನ್‌ಮನ್ ಕೈಲಿ ಹೇಳಿ ಕಳಿಸುವ ಏರ್ಪಾಡನ್ನು ದಯವಿಟ್ಟು ಮಾಡಬೇಕು. ತಾವು ಖುದ್ದಾಗಿ ಕೊರಟಗೆರೆ ಬಸ್ಸು ಹತ್ತಿ, ಅಣ್ಣನ ಮನೆಯ ಜಗಲಿಯ ಮೇಲೆ ಕೂತು, ತಂಗಿ ಮರೆಯಲಿಲ್ಲ, ಹೆಸರು ನನ್ನಲ್ಲೇ ಇತ್ತು ಎಂದು ಸಾಕ್ಷಿ ನುಡಿಯಬೇಕೆಂದೂ ಕೋರುವವನಿದ್ದೆ. ಏಕೆಂದರೆ ನಾನು ಹೇಳಿದ್ದಕ್ಕೆ ಅಣ್ಣನವರು "ಮಿಷನ್ ಮೇಲೆ ಹಾಕ್ಬ್ಯಾಡಿ" ಎಂದುಬಿಟ್ಟರು.

ಆದರೆ ತಮ್ಮ ಬಿಡುವಿಗೆ ಕಾಯುವ ತಾಳ್ಮೆ ದಾಕ್ಷಾಯಣಮ್ಮನವರಿಗಿಲ್ಲ. ನಿನ್ನೆ ಐನೂರು ಪತ್ರಿಕೆಗಳನ್ನೂ ಹೊತ್ತುಕೊಂಡು ಹೋಗಿ ಅದೇ ಜಗಲಿಯಲ್ಲಿ ಕೂತು, ಅಣ್ಣನ ಕಣ್ಣೆದುರೇ ಒಂದೊಂದರ ಮೇಲೂ ಪೆನ್ನಿನಲ್ಲಿ ಅವರ ಹೆಸರು ಬರೆಯತೊಡಗಿದರು. ನಾಲ್ಕನೇ ಕ್ಲಾಸಿನ ಅಕ್ಷರ, ಒಂದು ಹೆಸರಿಗೆ ಎರಡು ನಿಮಿಷ. ಇಪ್ಪತ್ತು ಮುಗಿಯುವಷ್ಟರಲ್ಲಿ ಅಣ್ಣನಿಗೆ ತಡೆಯಲಿಲ್ಲ. "ನೀನಿಂಗೆ ಬರೀತಾ ಕುಂತ್ರೆ ಮದುವೆ ಮುಗ್ದು ಮಗೀಗೆ ನಾಮಕರಣ ಆಯ್ತದೆ, ತಾ ಇಲ್ಲಿ" ಎಂದು ಪೆನ್ನು ಕಿತ್ತುಕೊಂಡು, ಮಿಕ್ಕ ನಾನೂರ ಎಂಬತ್ತರಲ್ಲೂ ತಮ್ಮ ಹೆಸರನ್ನು ತಾವೇ ಬರೆದುಕೊಂಡರು, ಎಲ್ಲರಿಗಿಂತ ಮೇಲೆ.

ತಮ್ಮ ಮಾತನ್ನು ಇನ್ನೆಂದೂ ನಂಬದ,
ತಮ್ಮ ವಿಶ್ವಾಸಿ,
ಅಂಬರೀಶ್, ಬಿ.ಎ., ಮಧುಗಿರಿ

ತಾ.ಕ.: ಮದುವೆಗೆ ತಾವೂ ತಪ್ಪದೆ ಬರಬೇಕೆಂದು ದಾಕ್ಷಾಯಣಮ್ಮನವರು ಹೇಳಿದ್ದಾರೆ. ತಮ್ಮ ಪತ್ರಿಕೆಯನ್ನು ಈಗಾಗಲೇ ತಲುಪಿಸಿದ್ದೇನೆ, ಮನಸ್ಸಿನಲ್ಲಿ. ಕೈಗೆ ಕೊಡುವುದು ಬಿಡುವಾದಾಗ.