ಎಲ್ಲಿಗೆ ಎಂದು ಕೇಳಿದವನು

ಭೂಕಂಪಕ್ಕೂ ಜಗ್ಗದ ನನ್ನ ಗೆಳೆಯರೊಬ್ಬರನ್ನು ಒಂದೇ ಮಾತಿನಿಂದ ಮನೆಯೊಳಗೆ ವಾಪಸು ಕೂರಿಸಬಹುದು ಎಂದರೆ ನಂಬುತ್ತೀರಾ? ಹೊರಟವರನ್ನು "ಎಲ್ಲಿಗೆ?" ಎಂದು ಕೇಳಬಾರದು, ಬೇಕಾದರೆ "ದೂರ ಹೊರಟಿರಾ?" ಎನ್ನಬೇಕು ಎಂದು ನಮ್ಮೆಲ್ಲರ ಮನೆಯಲ್ಲೂ ಹೇಳಿಕೊಟ್ಟಿದ್ದರು. ನಾವು ಮರೆತೆವು. ಮೈಸೂರಿನಿಂದ ದಕ್ಷಿಣ ಗೋಳಾರ್ಧದ ಈ ದೇಶಕ್ಕೆ ಬಂದು ಹಾರ್ನ್‌ಬಿಯಲ್ಲಿ ನೆಲೆಸಿದ ಈ ಮಹಾಶಯರು ಮರೆಯಲಿಲ್ಲ. ಯಾರಾದರೂ ಕೇಳಿದರೋ, ಒಳಗೆ ಬಂದು, ಕೂತು, ಒಂದು ಲೋಟ ನೀರು ಕುಡಿದು, ಐದು ನಿಮಿಷ ಸುಧಾರಿಸಿಕೊಂಡೇ ಮತ್ತೆ ಹೊರಡಬೇಕು. ಪಕ್ಕದ ಮನೆಯ ಬಿಳಿ ಅಜ್ಜಿ ದಿನವೂ ಪ್ರೀತಿಯಿಂದ ಅದನ್ನೇ ಕೇಳುತ್ತಾರೆ. ಇವರ ವಾಕಿಂಗ್ ಎಂದರೆ ಗೇಟಿನವರೆಗೆ ಬಂದು ಹಿಂತಿರುಗುವುದೇ ಎಂದು ಆಕೆ ಇವತ್ತಿಗೂ ತಿಳಿದಿದ್ದಾರೆ.

ಕಳೆದ ಜನವರಿಯ ಬೇಸಿಗೆಯಲ್ಲಿ ಎರಡು ದಿನಕ್ಕೆಂದು ಕ್ವೀನ್ಸ್‌ಟೌನಿಗೆ ಹೋದೆವು: ಇವರು, ನಾನು, ಕಾರು ಓಡಿಸಲು ಹುಬ್ಬಳ್ಳಿಯ ರಿಯಾಜ್. ಇವರಿಗೆ ಅಲ್ಲಿ ಬೇಕಿದ್ದದ್ದು ಒಂದೇ, ಸರೋವರದ ಮೇಲೆ ಸಂಜೆಯ ಸ್ಟೀಮರಿನಲ್ಲಿ ಹೋಗುವುದು. ತೀರಿಕೊಂಡ ಹೆಂಡತಿ ಆ ಸ್ಟೀಮರಿನ ಚಿತ್ರವಿದ್ದ ಕ್ಯಾಲೆಂಡರನ್ನು ವರ್ಷ ಮುಗಿದರೂ ಅಡುಗೆಮನೆಯ ಗೋಡೆಯಿಂದ ತೆಗೆದಿರಲಿಲ್ಲವಂತೆ.

ದಾರಿಯಲ್ಲಿ ಪೆಟ್ರೋಲ್ ಬಂಕಿನ ಹುಡುಗಿ ನಗುತ್ತ, ಎಲ್ಲಿಗೆ ಸವಾರಿ ಎಂದುಬಿಟ್ಟಳು.

"ತಿರುಗಿಸಪ್ಪಾ ಗಾಡಿ," ಅಂದರು ಇವರು.

"ಅಂಕಲ್, ಹಾರ್ನ್‌ಬಿಗೆ ತಿರುಗಿ ಹೋಗಾಕ ನಾಕ್ ತಾಸು ಬೇಕ್ರೀ," ಅಂದ ರಿಯಾಜ್.

ಕೊನೆಗೆ ಒಂದು ಫರ್ಲಾಂಗು ಹಿಂದೆ ಹೋಗಿ, ಕುರಿಬೇಲಿಯ ಪಕ್ಕ ನಿಲ್ಲಿಸಿ, ನೀರು ಕುಡಿಸಿ ರಾಜಿ ಮಾಡಿಕೊಂಡೆವು. ಮುಂದಿನ ಬಂಕಿನಲ್ಲಿ ರಿಯಾಜ್ ಒಳಗೆ ಕಾಲಿಡುತ್ತಲೇ, ಯಾರೂ ಕೇಳದಿದ್ದರೂ, ನಾವು ಎಲ್ಲಿಗೂ ಹೋಗುತ್ತಿಲ್ಲ ಎಂದು ಘೋಷಿಸಿದ.

ಕ್ವೀನ್ಸ್‌ಟೌನಿನಲ್ಲಿ ಸಂಜೆ ಆಗುವುದೇ ಇಲ್ಲವೇನೋ ಅನ್ನಿಸಿತ್ತು. ಗಂಟೆ ಆರಾದರೂ ಬಿಸಿಲು ಇಳಿದಿರಲಿಲ್ಲ. ಬೆಟ್ಟಗಳು ನೀರಿನೊಳಗೆ ತಲೆಕೆಳಗಾಗಿ ಮಲಗಿ, ಗಾಳಿ ಬಂದಾಗ ಮಾತ್ರ ಮಗ್ಗುಲು ಬದಲಿಸುತ್ತಿದ್ದವು. ನಾನು ಇಳಿದುಕೊಂಡಿದ್ದ ಲಾಡ್ಜಿನ ವರಾಂಡದ ಕುರ್ಚಿಯಲ್ಲಿ ಅರೆಗಣ್ಣು ಮುಚ್ಚಿ, ನೋಯುವ ಮಂಡಿಯನ್ನು ಬಿಸಿಲಿಗೆ ಚಾಚಿದ್ದೆ. ರಿಯಾಜ್ ಒಳಗೆ ಗೊರಕೆ ಹೊಡೆಯುತ್ತಿದ್ದ. ಇವರು ಇಸ್ತ್ರಿ ಮಾಡಿದ ಶರಟು ಹಾಕಿಕೊಂಡು ಮೆಟ್ಟಿಲಿಳಿದರು.

"ಏಳಯ್ಯಾ, ಇದೇ ಕೊನೇ ಸ್ಟೀಮರು."

ಏಳಲು ಮನಸ್ಸಿಲ್ಲ. ಅವರೊಬ್ಬರನ್ನೇ ಕಳಿಸಲು ಮುಖವಿಲ್ಲ. ಬೇಕೆಂದೇ ಕೇಳಿದೆ: "ಎಲ್ಲಿಗೆ?"

ನನ್ನನ್ನೊಮ್ಮೆ ನೋಡಿದರು. ಒಳಗೆ ಬಂದರು, ಕೂತರು, ನೀರು ಕುಡಿದರು. ಲೋಟ ಕೆಳಗಿಡುವಷ್ಟರಲ್ಲಿ ಸ್ಟೀಮರು ಕೂಗಿತು. ಅದರ ಹೊಗೆ ತೆಳ್ಳಗಾಗಿ ಬೆಟ್ಟದ ಬಣ್ಣಕ್ಕೆ ಸೇರುವವರೆಗೂ ಇಬ್ಬರೂ ನೋಡಿದೆವು.

"ಇಲ್ಲಿಂದ್ಲೂ ಚೆನ್ನಾಗೇ ಕಾಣುತ್ತೆ," ಅಂದರು.

ಮರುದಿನ ಬೆಳಿಗ್ಗೆಯೇ ಹಿಂತಿರುಗಿದೆವು. ನಾನು ತಪ್ಪೊಪ್ಪಿಕೊಳ್ಳಲಿಲ್ಲ. ಆಮೇಲೆ ಒಪ್ಪಿಕೊಳ್ಳೋಣ ಎಂದು ಒಂದು ವರ್ಷ ತಳ್ಳಿದೆ.

ಇವತ್ತು ಅವರ ಹೃದಯದ ಆಪರೇಷನ್. ಬೆಳಿಗ್ಗೆ ಗಾಲಿಮಂಚದಲ್ಲಿ ಮಲಗಿಸಿ ತಳ್ಳಿಕೊಂಡು ಹೊರಟರು. ಪಕ್ಕದಲ್ಲೇ ನಡೆಯುತ್ತಿದ್ದವನು ಕೇಳಿಬಿಟ್ಟೆ: "ಎಲ್ಲಿಗೆ ಹೊರಟಿರಿ?"

ಇವರು ಕೈಯೆತ್ತಿ ನರ್ಸಿನ ಹತ್ತಿರ ಐದು ನಿಮಿಷ ಕೇಳಿದರು. ನೀರು ಕುಡಿಯುವಂತಿರಲಿಲ್ಲ. ನನ್ನ ಕೈ ಹಿಡಿದುಕೊಂಡರು.

"ಅವತ್ತು ಕ್ವೀನ್ಸ್‌ಟೌನಿನಲ್ಲಿ ಬೇಕಂತಲೇ ಕೇಳಿದ್ದೆ," ಅಂದೆ.

"ಗೊತ್ತಿತ್ತು ಕಣಯ್ಯಾ. ನಿನ್ನ ಮಂಡಿ ನೋಯ್ತಿತ್ತು."

"ಇವತ್ತೂ ಬೇಕಂತಲೇ ಕೇಳಿದೆ."

ನಕ್ಕರು. "ಹಾಗಾದ್ರೆ ವಾಪಸು ಬರಲೇಬೇಕು. ನೀರು ತುಂಬಿಸಿಡು."

ಕಾರಿಡಾರಿನ ಬೆಂಚಿನ ಮೇಲೆ ಕೂತು ಇದನ್ನು ಬರೆಯುತ್ತಿದ್ದೇನೆ. ಲೋಟ ಪಕ್ಕದಲ್ಲೇ ಇದೆ. ಮಂಡಿ ನೋಯುತ್ತಿದೆ. ಎದ್ದಿಲ್ಲ.