ಬಾವಿಗಿಳಿದ ಶಾಬ್ಲಿ

ರಾಮಗಿರಿಯ ಮುಸಾಫಿರ್ ಬಂಗಲೆ ನೋಡಿಕೊಳ್ಳುವ ಹಂಗಾಮಿ ಮೇಟಿ ಜುಂಜಣ್ಣನ ಗ್ರಹಚಾರ ಬೆಳಗಿನ ರೈಲಿನಲ್ಲಿ ಹುಲ್ಲು ಸುತ್ತಿಕೊಂಡು ಬಂದು ಇಳಿಯಿತು. ಒಂದು ಬಾಟಲಿ, ಜೊತೆಗೊಂದು ಚೀಟಿ. ಕಳಿಸಿದವರು ರಸ್ತೆ, ಬಂಗಲೆಗಳ ಉಸ್ತುವಾರಿಯ ಬಿಳಿಯ ಇಂಜಿನಿಯರ್ ದೊರೆ. ಆ ಸಂಜೆ ತಾವು ಬಂಗಲೆಗೆ ಬಂದಾಗ ಊಟ ಒಪ್ಪಿಗೆಯಾದರೆ ಜುಂಜಣ್ಣನನ್ನು ಖಾಯಂ ಮಾಡುವುದಾಗಿ ಅವರು ಮಾತು ಕೊಟ್ಟಿದ್ದರು. ಒಂಬತ್ತು ವರ್ಷ ಹಂಗಾಮಿಯಾಗಿ ಕಸ ಗುಡಿಸಿದವನಿಗೆ ಆ ಮಾತೇ ಉಸಿರು.

ಸ್ಟೇಷನ್ ಮಾಸ್ತರರು ಚೀಟಿ ಓದಿ ಹೇಳಿದರು. “ಫ್ರಾನ್ಸ್ ದೇಶದ ಶಾಬ್ಲಿ ಅನ್ನೋ ಊರಿನ ದ್ರಾಕ್ಷಾರಸವಂತೆ ಕಣಯ್ಯ. ಶಾರ್ಡೊನೆ ಅಂತ ಒಂದೇ ತಳಿ ದ್ರಾಕ್ಷಿ, ಬೇರೆ ಒಂದು ಹಣ್ಣೂ ಸೇರಂಗಿಲ್ಲ. ಸಂಜೆವರೆಗೂ ತಣ್ಣಗಿಡಬೇಕು. ಜೊತೆಗೆ ಬೆಣ್ಣೇಲಿ ಹುರಿದ ಮೀನು. ಮೆಣಸಿನಕಾಯಿ ಸೋಕಿದ್ರೆ ರುಚಿ ಕೆಡುತ್ತಂತೆ.”

“ಏಳು ಸಮುದ್ರ ದಾಟಿ ಬಂದೈತೆ, ಮೆಣಸಿನಕಾಯಿಗೆ ಹೆದ್ರುತ್ತಾ?” ಎಂದ ಜುಂಜಣ್ಣ, ಬಾಟಲಿಯನ್ನು ಬಿಸಿಲಿಗೆ ಹಿಡಿದು ನೋಡಿದ. ಒಳಗೆ ಎಳೆ ಹೊಂಬಣ್ಣ ಮಿನುಗುತ್ತಿತ್ತು. ಇಷ್ಟು ಚೆಲುವಾದದ್ದನ್ನು ತನ್ನ ಕೈ ಎಂದೂ ಹಿಡಿದಿರಲಿಲ್ಲ ಎನಿಸಿ ಅವನಿಗೆ ಭಯವೇ ಆಯಿತು.

ತಣ್ಣಗಿನ ಜಾಗವೆಂದರೆ ಪಕ್ಕದ ಶಿವಗಂಗಮ್ಮನ ಬಾವಿ. ಆಕೆ ದಿನಕ್ಕೆ ಮೂರು ಹೊತ್ತು ಲಿಂಗಪೂಜೆ ಮಾಡುವ ಹೆಂಗಸು. ಕಳ್ಳಿನ ಗಡಿಗೆ ಹೊತ್ತವನು ಬೀದಿಯಲ್ಲಿ ಹಾದರೂ ಅಂಗಳಕ್ಕೆ ಸಗಣಿ ನೀರು ಹಾಕಿಸುವವಳು. ಆಕೆ ಪೂಜೆಗೆ ಕೂತ ಸಮಯ ನೋಡಿ ಜುಂಜಣ್ಣ ಬಾಟಲಿಯನ್ನು ಹಗ್ಗ ಕಟ್ಟಿ ಬಾವಿಗಿಳಿಸಿದ. ಕೆರೆಯಿಂದ ಮೀನು ತೆಗೆದುಕೊಂಡು ಬರುವಷ್ಟರಲ್ಲಿ ಆಕೆ ಹಗ್ಗ ಎಳೆಯುತ್ತಿದ್ದಳು.

“ಏನ್ಲಾ ಜುಂಜ ಇದು, ನನ್ನ ಬಾವ್ಯಾಗೆ?”

ನಿಜ ಹೇಳಿದರೆ ಬಾಟಲಿ ಕಲ್ಲಿಗೆ ಬಡಿಯುವುದು ಖಂಡಿತ. ಅದರ ಬಾಯಿಯ ಅರಗಿನ ಮುದ್ರೆ ಅವನ ಕಣ್ಣಿಗೆ ಬಿತ್ತು. ಕಾಶಿಯಿಂದ ಗಂಗೆ ತುಂಬಿಸಿ ತರುವ ಪುಟ್ಟ ತಾಮ್ರದ ತಾಲಿಗೂ ಹೀಗೇ ಮುದ್ರೆ ಇರುತ್ತದೆ.

“ಕಾಶಿ ಗಂಗೆ ಕಣವ್ವ!” ಎಂದುಬಿಟ್ಟ.

“ತಾಮ್ರದ ತಾಲಿ ಎಲ್ಲೈತೆ?”

“ರೈಲು ಬಂದ್ಮೇಲೆ ಗಾಜಲ್ಲೇ ಕಳಿಸ್ತಾರೆ.”

“ಹಳದಿ ಯಾಕೈತೆ?”

“ಗಂಗವ್ವಂಗೆ ಎಷ್ಟು ಜನ ಅರಿಶಿನ ಹಾಕಲ್ಲವ್ವ?”

ಶಿವಗಂಗಮ್ಮನ ಕಣ್ಣು ತುಂಬಿ ಬಂತು. ಹುಟ್ಟಿದಾಗಿನಿಂದ ಕಾಶಿಗೆ ಹೋಗುವ ಆಸೆ ಇಟ್ಟುಕೊಂಡವಳ ಬಾವಿಗೇ ಗಂಗೆ ಬಂದಿದ್ದಳು. ಹಾಗೆ ಬಂದ ಗಂಗೆಯನ್ನು ಮೆರೆಸದೆ ಒಳಗೆ ತರುವ ಪದ್ಧತಿ ಆ ಕಡೆ ಇಲ್ಲ. ಅದು ಬಂಗಲೆಗೆ ಸೇರಿದ್ದು, ಮೆರವಣಿಗೆ ಬೇಡವೆಂದು ಜುಂಜಣ್ಣ ಬಡಕೊಂಡರೂ, ಸಂಜೆಯ ಹೊತ್ತಿಗೆ ಬಾಟಲಿ ವಿಭೂತಿ ಧರಿಸಿ, ಕಣಗಲೆ ಹಾರ ಹಾಕಿಕೊಂಡು, ಆಕೆಯ ತಲೆಯ ಮೇಲೆ ಬಂಗಲೆಗೆ ಹೊರಟಿತು. ಹಿಂದೆ ಊರಿಗೆ ಊರೇ ಆರತಿ ಹಿಡಿದು ಬಂತು. ಬಂಗಲೆಯ ಊಟದ ಮೇಜಿನ ಮೇಲೆ ಗಂಗೆಯ ಪ್ರತಿಷ್ಠೆಯಾಗುವುದಕ್ಕೂ ದೊರೆ ಕುದುರೆ ಇಳಿಯುವುದಕ್ಕೂ ಸರಿಹೋಯಿತು.

ದೊರೆ ವಿಭೂತಿ ಬಳಿದ ತಮ್ಮ ಬಾಟಲಿ ನೋಡಿದರು, ಕೈ ಮುಗಿದು ನಿಂತ ನೂರು ಜನರನ್ನು ನೋಡಿದರು. ಆಮೇಲೆ ಟೋಪಿ ತೆಗೆದರು. ಜುಂಜಣ್ಣ ಅವರನ್ನು ಮೂಲೆಗೆ ಕರೆದೊಯ್ದು ಅಳುತ್ತ ಎಲ್ಲವನ್ನೂ ಒಪ್ಪಿಕೊಂಡ.

“ಫ್ರಾನ್ಸಿನಲ್ಲಿಯೂ ಈ ರಸಕ್ಕೆ ಇಂತಹ ಗೌರವವನ್ನು ನಾನು ಕಂಡಿಲ್ಲ,” ಎಂದರು ದೊರೆ ತಮ್ಮ ಪುಸ್ತಕದ ಕನ್ನಡದಲ್ಲಿ. “ಇದರ ಮುದ್ರೆಯನ್ನು ಒಡೆದು ಕುಡಿಯುವಷ್ಟು ನೀಚನು ನಾನಲ್ಲ. ಪೂಜೆಯ ಸ್ಥಳದಲ್ಲಿ ಮೀನು ತಿನ್ನುವುದೂ ಸಲ್ಲದು. ನೀನು ಚಿಂತಿಸಬೇಡ, ಖಾಯಂ ಮಾಡುವೆನು.”

ಅಲ್ಲೇ ಒಂದು ಹುಕುಂ ಬರೆದುಕೊಟ್ಟು, ಹಸಿದ ಹೊಟ್ಟೆಯಲ್ಲೇ ಚಿಕ್ಕಜಾಜೂರಿನ ಬಂಗಲೆಯ ಕಡೆ ಕುದುರೆ ಹತ್ತಿದರು. ಜುಂಜಣ್ಣ ಅದನ್ನು ಓದಿಸಲು ಆನಂದದಿಂದ ಸ್ಟೇಷನ್ನಿಗೆ ಓಡಿದ.

ಮಾಸ್ತರರು ಓದಿದರು. “ಈ ಬಂಗಲೆ ಇಂದಿನಿಂದ ಜನರ ಪೂಜಾಸ್ಥಳ. ಮುಸಾಫಿರರು ಚಿಕ್ಕಜಾಜೂರಿನಲ್ಲಿ ತಂಗತಕ್ಕದ್ದು. ಇಲ್ಲಿಯ ಮೇಟಿ ಹುದ್ದೆ ರದ್ದು. ಜುಂಜಣ್ಣನೇ ಖಾಯಂ ಪೂಜಾರಿ.”

“ಸಂಬಳ?”

“ಪೂಜಾರಿಗೆ ಸರ್ಕಾರ ಯಾಕಯ್ಯ ಸಂಬಳ ಕೊಡ್ತೈತೆ?”

ಕಾಲೆಳೆದುಕೊಂಡು ಬಂದು ನೋಡಿದರೆ ಶಿವಗಂಗಮ್ಮ ಅವನ ಬಾಣಲೆಯ ಮೀನನ್ನೆಲ್ಲ ನಾಯಿಗೆ ಹಾಕಿಸುತ್ತಿದ್ದಳು.

“ತಣ್ಣೀರು ಮೈಗೆ ಹಾಕ್ಕೊಂಡು ಬರ್ರಿ ಪೂಜಾರಪ್ಪ,” ಎಂದಳು, ಮೊದಲ ಬಾರಿ ಬಹುವಚನದಲ್ಲಿ. “ಮಂಗಳಾರತಿ ಹೊತ್ತಾತು.”