ಹುಳದ ಮನೆಯ ಪಂಕ್ ಬ್ಯಾಂಡು

"ಹುಳ ಇದ್ರೂ ಸರಿ, ಆ ಮಕ್ಕಳಿಗೆ ಬಾಗ್ಲು ಆಕ್‌ಬ್ಯಾಡಿ."

ನನ್ನ ಹೆಂಡತಿ ನನಗೆ ಹೇಳಿದ ಕೊನೆಯ ಮಾತು. ಕೊಳ್ಳೇಗಾಲದ ಆಸ್ಪತ್ರೆಯಲ್ಲಿ. ಆಮೇಲೆ ಮಲಗಿದಳು. ಏಳಲಿಲ್ಲ.

ಆ ಮಕ್ಕಳು ಅಂದರೆ ಒಂದು ಬ್ಯಾಂಡು. ಅವರನ್ನು ಗಾಡಿಗೆ ಹತ್ತಿಸಿಕೊಂಡು ಹೋದ ಕಡೆಯೆಲ್ಲ ಏನಾದರೂ ಒಂದು ಆಗದೆ ಇರುವುದಿಲ್ಲ. ಕೆಲವನ್ನು ಬರೆಯುತ್ತೇನೆ.

ಸಿಟ್ಟಿನ ಹಾಡು

ನಮ್ಮೂರು ಅಗರ. ರೇಷ್ಮೆ ಹುಳು ಸಾಕುತ್ತೇನೆ. ಅದಕ್ಕೆ ಹಿತ್ತಲಲ್ಲಿ ಒಂದು ಹುಳದ ಮನೆ ಇದೆ. ಗೂಡು ಬಿಡಿಸಿ ಮಾರ್ಕೆಟ್ಟಿಗೆ ಹಾಕಿದ ಮೇಲೆ ಮುಂದಿನ ಬೆಳೆ ತನಕ ಖಾಲಿ.

ಒಂದು ದಿನ ಹೆಂಡತಿಯ ಅಣ್ಣನ ಮಗಳು ಬಂದಳು. ಜೊತೆಗೆ ಕೊಳ್ಳೇಗಾಲದ ಮೂವರು ಹುಡುಗರು, ಮೂವರೂ ಮಗ್ಗದ ಮನೆಯವರು. ಎರಡು ಗಿಟಾರು, ಒಂದು ಡ್ರಮ್ ಸೆಟ್ಟು. ಹಾಡುವವಳು ಇವಳು. ಬೀದಿಯವರು ಓಡಿಸಿದ್ದಾರೆ, ಹುಳದ ಮನೆಯಲ್ಲಿ ಪ್ರಾಕ್ಟೀಸ್ ಮಾಡುತ್ತೇವೆ ಅಂದಳು. ಬೆಳಗಿಂದ ಸಂಜೆ ತನಕ ಮಗ್ಗ ಬಡಿಯುವ ಬೀದಿಯವರೇ ತಡೆಯದೆ ಓಡಿಸಿದ್ದಾರೆ ಅಂದರೆ ಅದೆಂಥ ಸದ್ದು ನೀವೇ ಯೋಚಿಸಿ.

"ಅದೇನವ್ವ ನೀವ್ ಆಡೋದು?" ಅಂದೆ.

"ಪಂಕ್ ರಾಕ್ ಮಾವ. ಸಿಟ್ಟು ಬಂದಿದ್ದೆಲ್ಲಾ ಕೂಗಿ ಆಡೋದು."

"ರಾಗ?"

"ಅಷ್ಟಾಗಿ ಬ್ಯಾಡ."

ನನ್ನ ಹೆಂಡತಿ ಮೊರದಿಂದ ತಲೆ ಎತ್ತಲಿಲ್ಲ. "ಮದ್ವೆ ಆದಾಗಿಂದ ಇವರ ಮ್ಯಾಲೆ ನಾನು ಆಡ್ತಿರೋದು ಅದೇಯ. ಗಿಟಾರ್ ಒಂದು ಇರ್ನಿಲ್ಲ" ಅಂದಳು.

ಮೊದಲನೇ ಪಂಕ್ತಿ

ಹುಡುಗಿಗೆ ಇದ್ದದ್ದು ಒಂದೇ ಆಸೆ. ಜನರ ಮುಂದೆ ಒಂದು ಹಾಡನ್ನು ಗಂಟಲು ಬಿಚ್ಚಿ ಮೊದಲಿಂದ ಕೊನೆ ತನಕ ಹಾಡಬೇಕು. ಹಾಡಿನ ಹೆಸರು 'ಬರ್ನಿಲ್ಲ'. ಬಸ್ಸು ಬರ್ನಿಲ್ಲ, ನೀರು ಬರ್ನಿಲ್ಲ, ಕರೆಂಟು ಬರ್ನಿಲ್ಲ ಅಂತ. ಅವಳೇ ಕಟ್ಟಿದ್ದು.

ಕೊಳ್ಳೇಗಾಲದಲ್ಲಿ ಡ್ರಮ್ಮಿನ ಹುಡುಗನ ನೆಂಟರ ಆರತಕ್ಷತೆ. ಯಾರೂ ಕರೆಯದಿದ್ದರೂ ಇವರೇ ಹೋಗಿ ವೇದಿಕೆ ಹತ್ತಿದರು. ಪಕ್ಕದಲ್ಲೇ ಊಟದ ಹಾಲ್. ಇವಳು ಕಣ್ಣು ಮುಚ್ಚಿಕೊಂಡು "ನೀರು ಬರ್ನಿಲ್ಲಾ! ನೀರು ಬರ್ನಿಲ್ಲಾ!" ಅಂತ ಕೂಗಿದಳು.

ಬಡಿಸುವವನು ಎರಡು ಕೈಯಲ್ಲಿ ಎರಡು ಜಗ್ಗು ಹಿಡಿದು ಓಡಿ ಬಂದ. ವೇದಿಕೆಗೇ ಹತ್ತಿದ.

"ಯಾವ ಪಂಕ್ತಿಗ್ ಬರ್ನಿಲ್ಲವ್ವಾ? ಅಂಗ್ ಮೈಕಲ್ಲಿ ಮಾನ ಕಳೀಬ್ಯಾಡಿ. ಕೈ ತೋರ್ಸಿ, ಸಾಕು."

ಹಾಡು ಅಲ್ಲಿಗೇ ನಿಂತಿತು. ಗಂಡಿನ ಕಡೆಯವರು ಮಾತ್ರ ಬ್ಯಾಂಡಿನವರ ಕೈ ಹಿಡಿದು ಥ್ಯಾಂಕ್ಸ್ ಹೇಳಿದರು. ಅವರ ಸಾಲಿಗೆ ನಿಜವಾಗಿಯೂ ನೀರು ಬಂದಿರಲಿಲ್ಲವಂತೆ.

ಹನೂರಿನ ಅಜ್ಜಿ

ಹನೂರಿನಲ್ಲಿ ಒಂದು ಮೊಬೈಲ್ ಅಂಗಡಿ ಓಪನಿಂಗು. ಅಂಗಡಿ ಮುಂದೆಯೇ ಹಾಡು. ಹುಡುಗಿ ಕೂದಲು ಬಿಚ್ಚಿ, ತಲೆ ಗಿರಗಿರ ತಿರುಗಿಸಿ ಶುರು ಮಾಡಿದಳು. ಜನ ಎರಡು ಹೆಜ್ಜೆ ಹಿಂದೆ ಸರಿದರು. ಒಬ್ಬ ಅಜ್ಜಿ ಮಾತ್ರ ಮುಂದೆ ಬಂತು. ಸೆರಗಿನ ಗಂಟಿನಿಂದ ವಿಭೂತಿ ತೆಗೆದು ಹುಡುಗಿಯ ಹಣೆಗೆ ಬಳಿದು ಜೋರಾಗಿ ಕೇಳಿತು:

"ಯಾರವ್ವ ನೀನು? ಯಾಕ್ ಈ ಮಗೀನ ಮೈಮ್ಯಾಲ್ ಬಂದಿದ್ದೀಯೆ? ಏನ್ ಬೇಕು ನಿಂಗೆ? ಕೇಳು!"

ಹುಡುಗಿ ಹಾಡು ನಿಲ್ಲಿಸಬಾರದು ಅಂತ ಮುಂದಿನ ಸಾಲು ಎತ್ತಿದಳು. "ಬಸ್ಸು ಬೇಕೂ!"

ಅಜ್ಜಿಯ ಮುಖ ಮೆತ್ತಗಾಯಿತು. ಜನರ ಕಡೆ ತಿರುಗಿ ಹೇಳಿತು: "ಪಾಪ, ಬಸ್ಸಿಗೆ ಕಾಯ್ತಾ ಕಾಯ್ತಾ ಸತ್ತೋದೋಳು."

ಜನ ತಲೆ ಆಡಿಸಿದರು. ಹನೂರಿನಲ್ಲಿ ಅದನ್ನು ನಂಬದವರು ಯಾರೂ ಇರಲಿಲ್ಲ.

ವಾಪಸು ಬಂದು ಹೆಂಡತಿಗೆ ಇದನ್ನು ಹೇಳಿದೆ. ನಕ್ಕು ನಕ್ಕು ಕೆಮ್ಮಿದಳು. ಆ ಕೆಮ್ಮು ನಿಲ್ಲಲಿಲ್ಲ. ಆಸ್ಪತ್ರೆ ಸೇರಿದ್ದು ಆಮೇಲೆ.

ಜ್ವರ

ಅವಳು ಹೋದ ಮೇಲಿನ ಮೊದಲನೇ ಬೆಳೆ. ಹುಳ ಪೊರೆ ಬಿಡುವ ಮುಂಚೆ ಸೊಪ್ಪು ತಿನ್ನದೆ, ತಲೆ ಎತ್ತಿ ಸುಮ್ಮನೆ ಕೂರುತ್ತವೆ. ಅದಕ್ಕೆ ಜ್ವರ ಅನ್ನುತ್ತೇವೆ. ಆಗ ಅವನ್ನು ಅಲುಗಾಡಿಸಬಾರದು, ಸದ್ದು ಮಾಡಬಾರದು. ನಮ್ಮವ್ವ ಹೇಳಿಕೊಟ್ಟಿದ್ದು.

ಮೂರನೇ ಜ್ವರದ ದಿನ ಬ್ಯಾಂಡು ಬಂತು. ಬಾಗಿಲು ಹಾಕುವ ಹಾಗಿಲ್ಲ. ಸದ್ದು ಮಾಡಲು ಬಿಡುವ ಹಾಗೂ ಇಲ್ಲ.

"ಒಳಕ್ ಬನ್ನಿ. ಚಪ್ಲಿ ಬಿಡಿ. ಪಿಸುಪಿಸು ಅಂತ ಆಡ್ಕಳಿ" ಅಂದೆ.

ಹಾಡಿದರು. ಡ್ರಮ್ಮಿನ ಮೇಲೆ ನನ್ನ ಟವೆಲ್ಲು. ಗಿಟಾರಿಗೆ ಕರೆಂಟಿಲ್ಲ. ಹುಡುಗಿ ಕತ್ತಿನ ನರ ಉಬ್ಬಿಸಿ, ಮುಷ್ಟಿ ಬಿಗಿದು, ಕಣ್ಣು ಕೆಂಪು ಮಾಡಿ ಪಿಸುಗುಟ್ಟಿದಳು. "ಬರ್ನಿಲ್ಲ... ಬರ್ನಿಲ್ಲ..." ಹಿಂದೆ ತಟ್ಟೆ ತಟ್ಟೆ ಹುಳ ತಲೆ ಎತ್ತಿಕೊಂಡು ಕೇಳುವ ಹಾಗೆ ಕೂತಿದ್ದವು. ಅವರ ಜೊತೆ ಬಂದಿದ್ದ ಇನ್ನೊಬ್ಬ ಹುಡುಗ ಅದನ್ನು ಮೊಬೈಲಿನಲ್ಲಿ ಹಿಡಿದು ನೆಟ್ಟಿಗೆ ಹಾಕಿದ.

ವಾರದೊಳಗೆ ಎಲ್ಲರ ಫೋನಿನಲ್ಲೂ ಅದೇ. ನಾನು ಯಳಂದೂರಿನ ಟೀ ಅಂಗಡಿಗೆ ಹೋದರೆ ಅಂಗಡಿಯವನು ಆ ಕಡೆ ಈ ಕಡೆ ನೋಡಿ, ನನ್ನ ಕಿವಿ ಹತ್ತಿರ ಬಗ್ಗಿ ಪಿಸುಗುಟ್ಟಿದ:

"ಸಕ್ರೆ ಆಕ್ಲಾ?"

ದೊಡ್ಡ ಸ್ಟೇಜು

ಬೆಂಗಳೂರಿನಿಂದ ಫೋನು ಬಂತು. ದೊಡ್ಡ ಕಾರ್ಯಕ್ರಮ. ಅಷ್ಟು ಹೊತ್ತಿಗೆ ನನ್ನ ಮುಂದಿನ ಬೆಳೆ ಹಣ್ಣಾಗಿ ಗೂಡು ಕಟ್ಟುವುದರಲ್ಲಿತ್ತು. ಪಕ್ಕದ ಹೊಲದವನಿಗೆ ನೋಡಿಕೊಳ್ಳಲು ಹೇಳಿ, ಗಾಡಿ ತೆಗೆದೆ.

ಅಲ್ಲಿ ಕಾರ್ಯಕ್ರಮ ನಡೆಸುವವನು ಹೇಳಿದ: "ಆ ಪಿಸುಮಾತಿನ ಹಾಡೇ ಹಾಡಿ. ಜನ ಬಂದಿರೋದೇ ಅದಕ್ಕೆ. ಕೂಗೋದು ಬೇಡ."

ಹುಡುಗಿ ನನ್ನ ಹತ್ತಿರ ಬಂದಳು. ಕಣ್ಣು ತುಂಬಿತ್ತು. "ಇಲ್ಲೂ ಕೂಗಕ್ ಬುಡಕಿಲ್ವಂತೆ ಮಾವ."

"ಆಡವ್ವ" ಅಂದೆ.

ಸಾವಿರಾರು ಜನ. ಪಿಸುಮಾತು ಕೊನೆಯವರಿಗೂ ಕೇಳಲಿ ಅಂತ ಸೌಂಡು ಪೂರ್ತಿ ಏರಿಸಿದ್ದರು. ಡ್ರಮ್ಮಿನ ಮೈಕು ಜಾರುತ್ತಿತ್ತು. ಹಿಡಿದುಕೊಂಡು ನಿಂತುಕೋ ಅಂದರು, ನಿಂತೆ. ಹುಡುಗಿ ಶುರು ಮಾಡಿದಳು. ಜನ ಉಸಿರು ಬಿಗಿ ಹಿಡಿದಿದ್ದರು.

ಆಗ ನನ್ನ ಜೇಬಿನಲ್ಲಿ ಫೋನು. ಪಕ್ಕದ ಹೊಲದವನು.

"ಅಣ್ಣೋ, ಹುಳ ಹಣ್ಣಾಗ್ಬುಟ್ಟವೆ! ಗೂಡು ಕಟ್ಟಕ್ಕೆ ಬುಡನಾ ಅಂದ್ರೆ ಚಂದ್ರಿಕೆನೇ ಕಾಣೆ. ಎಲ್ ಮಡಗಿದ್ದೀಯೆ?"

ಹುಳ ಗೂಡು ಕಟ್ಟುವ ಬಿದಿರಿನ ತಟ್ಟಿ, ಚಂದ್ರಿಕೆ ಇಲ್ಲದಿದ್ದರೆ ಇಡೀ ಬೆಳೆ ಹಾಳು. ನಾನು ಎಲ್ಲಿದ್ದೇನೆ ಅನ್ನುವುದೇ ಮರೆತೆ.

"ಚಂದ್ರಿಕೆ ಅಟ್ಟದ ಮ್ಯಾಲೆ ಕಣ್ಲಾ!"

ಆ ಸೌಂಡಿಗೆ ನಾನೇ ಬೆಚ್ಚಿಬಿದ್ದೆ. ಆಮೇಲೆ ಹಿಂದಿನಿಂದ ಒಬ್ಬ ಕೂಗಿದ: "ಅಟ್ಟದ ಮ್ಯಾಲೇ!" ಅವನ ಹಿಂದೆ ನೂರು ಜನ. ಆಮೇಲೆ ಎಲ್ಲರೂ ಕುಣಿದುಕೊಂಡು, "ಚಂದ್ರಿಕೆ! ಅಟ್ಟದ ಮ್ಯಾಲೇ!" ಡ್ರಮ್ಮಿನವನು ಮೇಲೆ ಹೊದಿಸಿದ್ದ ಟವೆಲ್ಲು ಎಸೆದ. ಹುಡುಗಿ ನನ್ನ ಕಡೆ ಒಂದು ಸಲ ನೋಡಿದಳು. ಗಂಟಲು ಬಿಚ್ಚಿದಳು. 'ಬರ್ನಿಲ್ಲ' ಮೊದಲಿಂದ ಕೊನೆ ತನಕ. ಯಾರೂ ತಡೆಯಲಿಲ್ಲ. ತಡೆದಿದ್ದರೂ ಕೇಳಿಸುತ್ತಿರಲಿಲ್ಲ.

ಕೆಳಗೆ ಇಳಿದರೆ ಕನ್ನಡಕದ ಹುಡುಗನೊಬ್ಬ ಮೈಕು ಹಿಡಿದ. "ಸಾರ್, ಚಂದ್ರಿಕೆ ಅಟ್ಟದ ಮೇಲೆ ಅನ್ನೋ ಸಾಲಿನ ಒಳಾರ್ಥ ಏನು?"

"ಚಂದ್ರಿಕೆ ಅಟ್ಟದ ಮ್ಯಾಲದೆ ಅಂತ."

"ತುಂಬ ಆಳವಾಗಿದೆ ಸಾರ್."

"ಆಳ ಏನಿಲ್ಲ ಕಣಪ್ಪ. ಏಣಿ ಆಕುದ್ರೆ ಸಿಕ್ತದೆ."

ಬೆಳಗಾಗುವ ಹೊತ್ತಿಗೆ ಊರು ಸೇರಿದೆವು. ಹುಳ ಆಗಲೇ ಚಂದ್ರಿಕೆ ಹತ್ತಿದ್ದವು. ಹುಡುಗಿಗೆ ಗಂಟಲೇ ಇಲ್ಲ, ಕೈಸನ್ನೆಯಲ್ಲೇ ಮಾತು. ಹೆಂಡತಿ ಹೋದಾಗಿನಿಂದ ನಾನು ಒಲೆ ಹಚ್ಚಿರಲಿಲ್ಲ, ತಂಗಿ ಮನೆಯಿಂದ ಊಟ ಬರುತ್ತಿತ್ತು. ಅವತ್ತು ಹಚ್ಚಿದೆ. ಮೆಣಸು ಕುಟ್ಟಿ ಕಷಾಯ ಕಾಯಿಸಿ ಅವಳ ಮುಂದೆ ಇಟ್ಟೆ. ಒಂದು ಗುಟುಕು ಕುಡಿದಳು. ಕಣ್ಣಲ್ಲಿ ನೀರು ಬಂತು. ಎರಡು ಕೈ ಅಗಲ ಮಾಡಿ ತೋರಿಸಿದಳು, ಮೆಣಸು ಇಷ್ಟು ಅಂತ.

ನಾನೂ ಕುಡಿದು ನೋಡಿದೆ. ಹೌದು, ಜಾಸ್ತಿಯಾಗಿತ್ತು. ಇನ್ನೊಂದು ಲೋಟ ನೀರು ಹಾಕಿ ಮತ್ತೆ ಒಲೆ ಮೇಲೆ ಇಟ್ಟೆ.